ಗೋದಾಳ ಒಣ ಐಸು

ಗೋದಾಳ ಕಂಪ್ಯೂಟರಿಗೆ ಸೆಕೆ ತಡೆಯಲಾಗುತ್ತಿರಲಿಲ್ಲ. ಅದು ತೊಂಬತ್ತೊಂಬತ್ತರ ಏಪ್ರಿಲ್. ಚಾಮರಾಜಪೇಟೆಯ ಆ ವಠಾರದಲ್ಲಿ ಮನುಷ್ಯರೆಲ್ಲ ಬೀಸಣಿಗೆ ಹಿಡಿದು ಹೇಗೋ ಕಾಲ ಹಾಕುತ್ತಿದ್ದರು. ಕಂಪ್ಯೂಟರು ಮಾತ್ರ ಸ್ವಲ್ಪ ಹೊತ್ತು ಕೆಲಸ ಮಾಡಿ, ಊಟ ಮುಗಿಸಿ ಬಂದ ಗುಮಾಸ್ತನ ಹಾಗೆ ಕಣ್ಣು ತೆರೆದುಕೊಂಡೇ ನಿದ್ದೆ ಹೋಗುತ್ತಿತ್ತು.

ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಗೆ ಗೋದಾ ಮನೆಯಲ್ಲೇ ಕೂತು ಪತ್ರಿಕೆಗಳನ್ನು ಟೈಪ್ ಮಾಡಿಕೊಡುತ್ತಿದ್ದಳು. ಅವತ್ತು ಸಂಜೆ ಐದರೊಳಗೆ ದೊಡ್ಡಬೈರಪ್ಪನವರ ಮಗಳು ಪೂಜಿತಾಳ ಮದುವೆಯ ಪತ್ರಿಕೆ ಫ್ಲಾಪಿಯಲ್ಲಿ ಅಂಗಡಿ ಸೇರಬೇಕಿತ್ತು. ‘ಸುಖಾಗಮನ ಬಯಸುವವರು’ ಎಂಬಲ್ಲಿ ಅರ್ಧ ತಾಲ್ಲೂಕೇ ನೆರೆದಿತ್ತು. ಪ್ರತಿ ಸಲವೂ ಸೋದರಮಾವಂದಿರ ಸಾಲಿಗೆ ಬರುತ್ತಿದ್ದಂತೆ ಕಂಪ್ಯೂಟರು ನಿಂತುಬಿಡುತ್ತಿತ್ತು, ಅವರ ಮೇಲೆ ಅದಕ್ಕೇನೋ ಹಳೆಯ ಸಿಟ್ಟಿರುವ ಹಾಗೆ.

“ಈ ಸಲಾನೂ ತಡ ಆದ್ರೆ ಬೇಜಾರ್ ಮಾಡ್ಕೋಬೇಡಿ ಗೋದಾ ಅವ್ರೇ. ಇನ್ಮುಂದೆ ಬೇರೆಯವ್ರ ಹತ್ರಾನೇ ಮಾಡಿಸ್ಬೇಕಾಗತ್ತೆ,” ಎಂದು ಅಂಗಡಿಯ ಚಕ್ರಪಾಣಿ ಬೆಳಿಗ್ಗೆಯೇ ಫೋನ್ ಮಾಡಿದ್ದ.

ಕೆಲಸ ಹೋಗುತ್ತದೆ ಎನ್ನುವುದಕ್ಕಿಂತ ಆ ‘ಗೋದಾ ಅವ್ರೇ’ ಹೋಗುತ್ತದಲ್ಲ ಎಂದು ಅವಳಿಗೆ ಭಯವಾಯಿತು. ವಠಾರಕ್ಕೆ ಅವಳು ಶೀನಣ್ಣನ ಹೆಂಡತಿ. ಹಾಲಿನವನಿಗೆ ಮೂರನೇ ಮನೆ. ಅವಳ ಹೆಸರಿಗೊಂದು ‘ಅವ್ರೇ’ ಸೇರಿಸಿ ಕರೆಯುತ್ತಿದ್ದುದು ಆ ಟೆಲಿಫೋನ್ ಒಂದೇ.

ಉಪಾಯ ಹೇಳಿದವನು ಹಿಂದಿನ ಮನೆಯ ಆಂಜಿನಯ್ಯ. ಛತ್ರಗಳಲ್ಲಿ ರಿಸೆಪ್ಶನ್ ಅಲಂಕಾರ ಮಾಡುವವನು. ಗಂಡು ಹೆಣ್ಣು ವೇದಿಕೆ ಹತ್ತುವಾಗ ಅವರ ಕಾಲಬುಡದಲ್ಲಿ ಬಿಳಿ ಮೋಡ ಹರಿಸುವುದು ಅವನ ಹೆಚ್ಚುಗಾರಿಕೆ.

“ಒಣ ಐಸು ಇಡಿ ಅಕ್ಕಾ. ಬರಿಗೈಲಿ ಮುಟ್ಟಿದ್ರೆ ಚರ್ಮ ಕಿತ್ಬರತ್ತೆ, ಅಷ್ಟು ತಣ್ಣಗೆ. ತಟ್ಟೇಲಿ ಚೂರು ನೀರು ಹಾಕಿ ಇಟ್ರೆ ನಿಮ್ ಕಂಪ್ಯೂಟರ್ರು ಊಟಿಗೆ ಹೋದಂಗೆ ಇರತ್ತೆ,” ಎಂದು ಬಟ್ಟೆ ಸುತ್ತಿದ ಎರಡು ಗಡ್ಡೆ ಕೊಟ್ಟು, ಅವನು ಬಸವನಗುಡಿಯ ಛತ್ರಕ್ಕೆ ಹೊರಟುಹೋದ.

ಗೋದಾ ಸಿಪಿಯು ಡಬ್ಬದ ಪಕ್ಕೆ ಬಿಚ್ಚಿ ಅದರ ಮುಂದೆ ಒಂದು ಗಡ್ಡೆಯನ್ನು ತಟ್ಟೆಯ ನೀರಿನಲ್ಲಿಟ್ಟಳು. ಇನ್ನೊಂದನ್ನು ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳ ಓರೆ ಮಾಡಿ ಅಡುಗೆಮನೆಯಲ್ಲಿಟ್ಟಳು. ಅವಳು ತಿರುಗಿ ಬರುವಷ್ಟರಲ್ಲಿ ಮುಂದಿನ ಕೋಣೆಯಲ್ಲಿ ನೆಲ ಕಾಣುತ್ತಿರಲಿಲ್ಲ. ಬಿಳಿ ಹೊಗೆ ಹೊಸಿಲು ದಾಟಿ, ರಂಗೋಲಿ ಮುಚ್ಚಿ, ವಠಾರದ ನಲ್ಲಿಯ ಕಡೆಗೆ ನಿಧಾನವಾಗಿ ನಡೆದಿತ್ತು.

“ಗೋದಾ, ಒಗ್ಗರಣೆ ಸೀದ್ಹೋಯ್ತೇನೇ?” ಎಂದು ಅತ್ತೆ ದೇವರಮನೆಯಿಂದ ಕೂಗಿದರು.

ಎದುರುಮನೆಯ ಭಾಗೀರಥಮ್ಮ ಒಂದು ಬಕೆಟ್ ನೀರು ಹೊತ್ತು ಓಡಿಬಂದರು. “ಪಕ್ಕಕ್ಕೆ ಬಾರೇ ಹುಡುಗಿ, ಸುರಿದ್ಬಿಡ್ತೀನಿ!”

“ಅಯ್ಯೋ, ಬೇಡಿ! ಬೆಂಕಿಯಲ್ಲ, ಐಸು!” ಗೋದಾ ಎರಡೂ ಕೈ ಚಾಚಿ ಕಂಪ್ಯೂಟರಿಗೆ ಅಡ್ಡ ನಿಂತಳು. ಹೆತ್ತ ತಾಯಿ ಕೂಸನ್ನು ಕೂಡ ಹಾಗೆ ಕಾಪಾಡುವುದಿಲ್ಲ.

ಐಸು ಎಂದ ಕೂಡಲೇ ಭಾಗೀರಥಮ್ಮನ ಮುಖ ಅರಳಿತು. “ಹೌದಾ? ಹಾಗಾದ್ರೆ ಒಂಚೂರು ಕೊಡೇ. ಬೀಗರು ಬರ್ತಿದಾರೆ, ಮಜ್ಜಿಗೆಗೆ ಹಾಕ್ತೀನಿ. ನಮ್ಮನೇಲಿ ಫ್ರಿಜ್ ಇಲ್ವಲ್ಲ.”

“ಇದು ಹೊಟ್ಟೆಗೆ ಹಾಕೋ ಐಸಲ್ಲ ಭಾಗೀರಥಮ್ಮನೋರೇ.”

“ಕೊಡಲ್ಲ ಅಂದ್ರೆ ಕೊಡಲ್ಲ ಅನ್ನು. ಐಸಲ್ಲೂ ಮಡಿ-ಮೈಲಿಗೆ ಇರತ್ತೇನು?” ಎಂದು ಅವರು ಬಕೆಟ್ಟಿನೊಂದಿಗೆ ಹೊರಟುಹೋದರು.

ಕಂಪ್ಯೂಟರು ನಿಜವಾಗಿಯೂ ಊಟಿಗೆ ಹೋದಂತೆ ಕೆಲಸ ಮಾಡಿತು. ಬೆರಳು ಮೋಡದಲ್ಲಿ ಮುಳುಗಿದ್ದರೂ ಗೋದಾ ಸೋದರಮಾವಂದಿರನ್ನು ದಾಟಿ, ಷಡ್ಡಕರನ್ನು ದಾಟಿ, ಅಷ್ಟನ್ನೂ ಫ್ಲಾಪಿಗೆ ಇಳಿಸಿದಳು. ಕೊನೆಯ ಸಾಲೊಂದು ಉಳಿದಿರುವಾಗ ಹೊಗೆ ನಿಂತಿತು. ತಟ್ಟೆಯಲ್ಲಿ ಬರೀ ನೀರಿತ್ತು. ಕರಗಿತು ಎಂದುಕೊಂಡಳು. ಕಂಪ್ಯೂಟರು ಮತ್ತೆ ಕಣ್ಣುಬಿಟ್ಟುಕೊಂಡು ಮಲಗಿತು. ಅದನ್ನು ಆರಿಸಿ, ಇನ್ನೊಂದು ಗಡ್ಡೆ ತರಲು ಅಡುಗೆಮನೆಗೆ ಹೋದಳು.

ಡಬ್ಬಿ ಖಾಲಿ. ಬೆರಳಾಡಿಸಿದರೆ ತಳ ಒಣಗಿತ್ತು. ಕರಗಿದ್ದರೆ ನೀರಾದರೂ ಇರಬೇಕಲ್ಲ?

ಹಿತ್ತಿಲ ಬಾಗಿಲು ತೆರೆದಿತ್ತು. ಎದುರುಮನೆಯಿಂದ ಲೋಟಗಳ ಸದ್ದು ಕೇಳಿಸಿತು. ಕದ್ದರೆ ಕದಿಯಲಿ, ಅದು ಬೀಗರ ಹೊಟ್ಟೆಗೆ ಇಳಿದಿದ್ದರೆ? ಗೋದಾ ಸೆರಗು ಸಿಕ್ಕಿಸಿಕೊಂಡು ಓಡಿದಳು. ಬೀಗರು ಗಂಡ-ಹೆಂಡತಿ ಮಜ್ಜಿಗೆಯನ್ನು ತುಟಿಗೆ ಹಿಡಿದಿದ್ದರು.

“ಕುಡೀಬೇಡಿ!”

ಬೀಗಿತ್ತಿ ಲೋಟ ಕೆಳಗಿಟ್ಟರು. ಬೀಗರು ಹೊಟ್ಟೆ ಮುಟ್ಟಿಕೊಂಡರು. ಅವರದ್ದು ಆಗಲೇ ಎರಡನೆಯ ಲೋಟ.

“ಭಾಗೀರಥಮ್ಮನೋರೇ, ಅದು... ನಮ್ಮನೆ ಡಬ್ಬಿಲಿದ್ದ ಐಸು ಏನಾದ್ರೂ...”

“ಅಂದ್ರೆ? ನಾನು ಕದ್ದೆ ಅಂತಲಾ?”

“ಹಾಗಲ್ಲ... ಕರಗಿದ್ರೆ ನೀರಾದ್ರೂ ಉಳೀಬೇಕಿತ್ತಲ್ಲ.”

“ಪಾಯಿಂಟ್ ಸರಿಯಾಗಿದೆ,” ಎಂದರು ಬೀಗರು. ಅವರು ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು.

ಭಾಗೀರಥಮ್ಮ ಬೀಗರ ಲೋಟ ಎತ್ತಿ, ಮಜ್ಜಿಗೆಯಲ್ಲಿ ಕೈಯಾಡಿಸಿ ತೋರಿಸಿದರು. ಕೈಗೆ ಕರಿಬೇವಿನ ಎಲೆ ಬಂತು. ಬೈದಿದ್ದರೆ ಗೋದಾಳಿಗೆ ಸಮಾಧಾನವಾಗುತ್ತಿತ್ತು.

ನಾಚಿಕೆ ಒಂದು ಕಡೆ, ಐದು ಗಂಟೆ ಇನ್ನೊಂದು ಕಡೆ. ಅವಳು ಆಟೋ ಹಿಡಿದು ಬಸವನಗುಡಿಯ ಛತ್ರಕ್ಕೆ ಹೋದಳು. ಏಣಿಯ ಮೇಲಿದ್ದ ಆಂಜಿನಯ್ಯ ಹೂವಿನ ಸರ ಕಚ್ಚಿಕೊಂಡೇ ಪೆಟ್ಟಿಗೆಯ ಕಡೆ ಕೈ ತೋರಿಸಿದ. ತೆಂಗಿನಕಾಯಿ ಗಾತ್ರದ ಗಡ್ಡೆಯೊಂದನ್ನು ಬಟ್ಟೆಯಲ್ಲಿ ಸುತ್ತಿ, ಅದೇ ಡಬ್ಬಿಯಲ್ಲಿಟ್ಟುಕೊಂಡು ಹೊರಟಳು.

ದಾರಿಯಲ್ಲಿ ಆಟೋ ಕೆಟ್ಟಿತು. ಡ್ರೈವರು ಅದರ ಹೊಟ್ಟೆಯೊಳಗೆ ತಲೆ ಹಾಕಿ ಕೂತ. ಹೊತ್ತು ಹೋಗದೆ ಗೋದಾ ಡಬ್ಬಿ ತೆರೆದು ನೋಡಿದಳು. ತೆಂಗಿನಕಾಯಿ ನಿಂಬೆಹಣ್ಣಾಗಿತ್ತು. ಬಟ್ಟೆ ಆಗಷ್ಟೇ ಹಗ್ಗದಿಂದ ತೆಗೆದ ಹಾಗೆ ಒಣಗಿತ್ತು. ಅವಳು ನೋಡುತ್ತಿದ್ದಂತೆಯೇ ಒಂದೆಳೆ ಹೊಗೆ ಎದ್ದು ಆಟೋದಿಂದ ಇಳಿದುಹೋಯಿತು. ಕಳ್ಳ ಅವಳ ಮಡಿಲಲ್ಲೇ ಕೂತು ಕಣ್ಣೆದುರೇ ತಪ್ಪಿಸಿಕೊಳ್ಳುತ್ತಿದ್ದ!

ಮಜ್ಜಿಗೆಯಲ್ಲಿ ಆಡಿಸಿದ ಆ ಕೈ ನೆನಪಾಯಿತು. ಅವಳಿಗೆ ಚಕ್ರಪಾಣಿ ಮರೆತುಹೋದ. ಉಳಿದ ದಾರಿಯುದ್ದಕ್ಕೂ ಕ್ಷಮೆಯ ಮಾತನ್ನೇ ಜೋಡಿಸಿದಳು. ಬೀಗರಿಗೂ ಡಬ್ಬಿ ತೋರಿಸಬೇಕು, ಪಾಯಿಂಟ್ ತಪ್ಪೆಂದು ಹೇಳಬೇಕು. ಸಾಕ್ಷಿ ಕೈಯಲ್ಲೇ ಇದೆಯಲ್ಲ. ಹೇಗೂ ಒಂದೇ ಸಾಲು ಉಳಿದಿರುವುದು, ಫ್ಲಾಪಿ ಕಂಪ್ಯೂಟರಿನೊಳಗೇ ಇದೆ.

ಮನೆಯ ಹೊಸಿಲಲ್ಲಿ ಕಾಲು ಜಾರಿತು. ರಂಗೋಲಿಯ ಮೇಲೆ ನೀರು ಹರಿಯುತ್ತಿತ್ತು. ಒಳಗೆ ಕಂಪ್ಯೂಟರಿನ ಪಕ್ಕದಲ್ಲಿ ಭಾಗೀರಥಮ್ಮ ಕೂತಿದ್ದರು. ಸುತ್ತ ಐಸ್ ಟ್ರೇಗಳ ರಾಶಿ.

“ಬಾರಮ್ಮ. ವಠಾರದ ಎಲ್ಲಾರ ಫ್ರಿಜ್ಜೂ ಖಾಲಿ ಮಾಡ್ಸಿದೀನಿ. ಆಚೆ ಬೀದಿಗೂ ಹೋಗಿದ್ದೆ. ನಿನ್ ಕಂಪ್ಯೂಟರ್ ಹೊಟ್ಟೆ ತುಂಬಾ ಗಿಡಿದು ತುಂಬಿದೀನಿ. ಭಾಗೀರಥಿ ಇನ್ನೊಬ್ರ ಐಸು ತಿಂದು ಬದುಕೋಳಲ್ಲ.”

“ನಾನೂ ಎರಡು ಟ್ರೇ ಹಾಕ್ದೆ ಕಣೇ,” ಎಂದರು ಅತ್ತೆ, ಹೆಮ್ಮೆಯಿಂದ.

ಗೋದಾ ಫ್ಲಾಪಿ ಎಳೆದಳು. ಅದರ ಹಿಂದೆಯೇ ಒಂದು ಲೋಟದಷ್ಟು ನೀರು ಬಂತು. ನೀರಿನಲ್ಲಿ ಯಾರದೋ ಮನೆಯ ನಿಂಬೆಬೀಜ. ಟೆಲಿಫೋನ್ ಹೊಡೆದುಕೊಳ್ಳತೊಡಗಿತು. ಅವಳು ಅದನ್ನು ಎತ್ತಲಿಲ್ಲ. ಮೊದಲು ಆಗಬೇಕಾದದ್ದು ಆಗಲಿ.

“ತಪ್ಪಾಯ್ತು ಭಾಗೀರಥಮ್ಮನೋರೇ. ನೀವು ಕದ್ದಿಲ್ಲ, ಯಾರೂ ಕದ್ದಿಲ್ಲ. ಅದು ತಾನಾಗೇ ಗಾಳೀಲಿ ಹೋಗ್ಬಿಡತ್ತೆ. ಬೇಕಾದ್ರೆ ನೀವೇ ನೋಡಿ, ಇಲ್ಲೇ ಇದೆ,” ಎಂದು ಡಬ್ಬಿಯ ಮುಚ್ಚಳ ತೆಗೆದಳು.

ಭಾಗೀರಥಮ್ಮ ಬಗ್ಗಿ ನೋಡಿದರು. ಬಟ್ಟೆ ಎತ್ತಿ ಕೊಡವಿದರು. ತಳ ಸವರಿ ಬೆರಳು ನೋಡಿಕೊಂಡರು. ಒಣಗಿತ್ತು.

“ಖಾಲಿ ಡಬ್ಬಿ ಹಿಡ್ಕೊಂಡು ಬಂದಿದೀಯಲ್ಲ,” ಎಂದರು. “ಇದನ್ನೂ ನಾನೇ ಕದ್ದೆ ಅನ್ನೋಕಾ?” ಸೆರಗು ಕೊಡವಿ ಎದ್ದು ಹೋದರು.

ಟೆಲಿಫೋನು ಬಡಿದುಕೊಂಡು, ಬಡಿದುಕೊಂಡು ಸುಮ್ಮನಾಯಿತು. ಅತ್ತೆ ಮೆಲ್ಲಗೆ ಹತ್ತಿರ ಬಂದು ಸೊಸೆಯ ಕಿವಿಯಲ್ಲಿ ಹೇಳಿದರು:

“ಟ್ರೇಗಳನ್ನ ಎಣಿಸಿ ವಾಪಸ್ ಕೊಡೇ ಗೋದಾ. ಆಮೇಲೆ ಜನ ನಮ್ಮನ್ನ ಅಂದಾರು.”