ಕಿಟಕಿಯ ಮೇಲಿನ ಕೆಂಪು ಬಾಟಲಿ

ಹಫೀಜನ ಮುಖದಲ್ಲಿ ಮೂಗು ಇತ್ತು. ಆದರೆ ಕನ್ನಡಕ ಕೂಡಿಸುವುದಕ್ಕೆ ಬಿಟ್ಟರೆ ಅದು ಮತ್ತೇನಕ್ಕೂ ಬರುತ್ತಿರಲಿಲ್ಲ. ಹಿಂದೊಮ್ಮೆ ಬಂದ ಜ್ವರ ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಬೆಂಗೇರಿಯಲ್ಲಿ ಕಾರು ರಿಪೇರಿ ಮಾಡುವವನಿಗೆ ಅದರಿಂದ ನಷ್ಟವೇನೂ ಆಗಿರಲಿಲ್ಲ. ತೊಂದರೆ ಇದ್ದದ್ದು ಅವನ ಇನ್ನೊಂದು ಚಾಳಿಯಲ್ಲಿ. ಇಂಜಿನ್ ತಂಪಾಗಿಡಲು ರೇಡಿಯೇಟರಿಗೆ ಹಾಕುವ ಕೂಲೆಂಟನ್ನು ದೊಡ್ಡ ಡಬ್ಬಿಯಲ್ಲಿ ತಂದು, ಖಾಲಿ ಶರಬತ್ತಿನ ಬಾಟಲಿಗಳಿಗೆ ತುಂಬಿ, ಅಡುಗೆಮನೆಯ ಕಿಟಕಿಯ ಮೇಲೆ ಇಡುತ್ತಿದ್ದ. ಕೂಲೆಂಟೂ ಕೆಂಪು, ಗುಲಾಬಿ ಶರಬತ್ತೂ ಕೆಂಪು.

"ಒಂದ್ ದಿನ ಯಾರರ ಕುಡದು ಸಾಯ್ತಾರ ನೋಡು," ಎಂದು ತಾಯಿ ರಾಜಬಿ ಹೇಳುತ್ತಲೇ ಇದ್ದಳು.

"ಯಾರ ಕುಡೀತಾರ ಅಮ್ಮಿ?" ಎಂದು ಹಫೀಜ ಅನ್ನುತ್ತಲೇ ಇದ್ದ.

ರಂಜಾನಿನ ಆ ದಿನ ನಸುಕಿನಲ್ಲಿ ಸಹರಿ ಊಟ ಮುಗಿಸಿ ಉಪವಾಸದ ರೋಜಾ ಹಿಡಿಯುವಾಗ ಕರೆಂಟು ಹೋಯಿತು. ಹಫೀಜ ಕತ್ತಲಲ್ಲೇ ಕಿಟಕಿಗೆ ಕೈಯಾಡಿಸಿ ಒಂದು ಬಾಟಲಿ ಚೀಲಕ್ಕೆ ಹಾಕಿಕೊಂಡು ಗ್ಯಾರೇಜಿಗೆ ಹೋದ. ಅಲ್ಲಿ ಕಾಯುತ್ತಿದ್ದದ್ದು ಉಪ್ಪಿನಬೆಟಗೇರಿಯ ಮಕಬೂಲಸಾಬನ ಕಾರು. ಮಕಬೂಲಸಾಬ ಅಂದರೆ ಹಫೀಜನಿಗೆ ಗೊತ್ತುಮಾಡಿದ ಹುಡುಗಿ ಸುಲ್ತಾನಾಳ ಅಪ್ಪ. ಸಂಜೆ ಇಫ್ತಾರಿಗೆ ಮನೆಗೆ ಬಂದು ಮದುವೆಯ ತಾರೀಖು ಹೇಳುವವನಿದ್ದ. ಹಫೀಜ ಆ ಕಾರಿನ ಒಂದೊಂದು ನಟ್ಟನ್ನೂ ಮಾವನ ಕಾಲು ಒತ್ತಿದಂತೆ ಒತ್ತಿ ಬಿಗಿದ, ಬೇಕಾದಲ್ಲಿ ಎಣ್ಣೆ ಹಾಕಿದ, ಚೀಲದ ಬಾಟಲಿಯಿಂದ ಕೂಲೆಂಟು ತುಂಬಿದ.

ದೂರ ನಿಂತು ಫೋನಿನಲ್ಲಿದ್ದ ಮಕಬೂಲಸಾಬ ಹತ್ತಿರ ಬಂದು, "ಗಾಡಿ ಮ್ಯಾಲ ಇಷ್ಟ್ ಇರಿವಿ ಯಾಕೋ?" ಎಂದ.

"ಬ್ಯಾಸಿಗಿರಿ ಮಾಮಾ. ನೆರಳು ಹುಡುಕ್ಕೊಂಡು ಬರ್ತಾವ."

ಮಕಬೂಲಸಾಬ ಕಾರು ತೆಗೆದುಕೊಂಡು ಹೋದ. ಮಧ್ಯಾಹ್ನ ಇಳಿಯುವ ಹೊತ್ತಿಗೆ ರಾಜಬಿಯ ಫೋನು ಬಂತು. "ಕಿಟಕ್ಯಾಗಿನ ಬಾಟ್ಲಿ ತಗದು ಒಂದ್ ಬೋಗುಣಿ ಶರಬತ್ತ ಮಾಡೇನಿ. ರುಕ್ಮವ್ವಗ, ಸುಲಭಾ ಬಾಯಾರಿಗೆ ಆಗಲೇ ಕೊಟ್ ಬಂದೆ. ಪಾಪ, ಅವರಿಗೇನ್ ರೋಜಾ ಐತೇನು, ಈ ಬಿಸಲಾಗ ಸಂಜೀತನಕ ಕಾಯೂದ್ಯಾಕ?"

"ಯಾವ ಕಿಟಕಿ?"

"ಮನ್ಯಾಗ ಇರೂದ ಒಂದ್ ಕಿಟಕಿ. ಫೋನ ಇಡು, ಮಿರ್ಚಿ ಹಿಟ್ಟ ಕಲಸಬೇಕು."

ಫೋನು ಕಟ್ಟಾಯಿತು. ಮತ್ತೆ ಹಚ್ಚಿದರೆ ಎತ್ತಲಿಲ್ಲ. ಹಫೀಜನ ಕೈಯಿಂದ ನಟ್ಟು ಬಿಗಿಯುವ ಪಾನಾ ಜಾರಿ ಕಾಲಿನ ಮೇಲೆ ಬಿತ್ತು. ನೋವು ತಿಳಿಯುವಷ್ಟರಲ್ಲಿ ಅವನು ಸ್ಕೂಟರಿನ ಮೇಲಿದ್ದ. ಕೂಲೆಂಟು ಸಿಹಿಯಾಗಿರುತ್ತದೆ, ಕುಡಿದವರಿಗೆ ಗೊತ್ತೇ ಆಗುವುದಿಲ್ಲ ಎಂದು ಅವನ ಉಸ್ತಾದ ಹೇಳಿದ್ದ. ಬಾಯಿಬಿಟ್ಟು ಹೇಳಿದರೆ ಸುದ್ದಿ ಸ್ಕೂಟರಿಗಿಂತ ಮೊದಲು ಉಪ್ಪಿನಬೆಟಗೇರಿ ಮುಟ್ಟುತ್ತದೆ. ಹೇಳದಿದ್ದರೆ ಓಣಿಯಲ್ಲಿ ಹೆಣ ಬೀಳುತ್ತವೆ. ಮದುವೆಯ ಶೇರವಾನಿಯ ಬದಲು ಜೈಲಿನ ಚಡ್ಡಿ ಕಣ್ಣಮುಂದೆ ಬಂತು.

ಓಣಿಯ ಬಾಯಲ್ಲೇ ರುಕ್ಮವ್ವ ಕಟ್ಟೆಯ ಮೇಲೆ ಕೂತು ತಂಬಿಗೆ ಎತ್ತಿದ್ದಳು.

"ಕುಡೀಬ್ಯಾಡ್ರಿ! ನೊಣ ಬಿದ್ದೈತಿ!"

"ಬೀಳಲಿ ಬಿಡು, ತಗದು ಕುಡೀತೇನಿ."

ಹಫೀಜ ತಂಬಿಗೆ ಕಸಿದು ರಸ್ತೆಗೆ ಸುರಿದ. ರುಕ್ಮವ್ವ ಸೆರಗು ಸಿಕ್ಕಿಸಿ ಎದ್ದಳು. "ನಿಮ್ಮವ್ವ ಕೊಟ್ಟದ್ದನ್ನ ಕಸಗೊಳ್ಳಾಕ ನೀ ಯಾಂವಲೇ? ರೋಜಾ ಹಿಡದು ತಲಿಗೇರೈತೇನ್ ನಿನಗ?"

ಹಫೀಜನಿಗೆ ಅದು ಕೇಳಿಸಲಿಲ್ಲ. ಓಣಿಯ ನಾಯಿ ಬಂದು ಚೆಲ್ಲಿದ್ದನ್ನು ನೆಕ್ಕಿತು, ಎರಡು ಹೆಜ್ಜೆ ನಡೆಯಿತು, ನಾಲ್ಕೂ ಕಾಲು ಚಾಚಿ ಬಿತ್ತು. ಏಳಲಿಲ್ಲ. ಹಫೀಜ ಸ್ಕೂಟರನ್ನು ಅಲ್ಲೇ ಬಿಟ್ಟು ಓಡಿದ.

ಪಕ್ಕದ ಮನೆಯಲ್ಲಿ ಸುಲಭಾ ಬಾಯಿ ತಂಬಿಗೆ ತೊಳೆಯುತ್ತಿದ್ದಳು. ಖಾಲಿ ತಂಬಿಗೆ!

"ಬಾಯಾರ, ಶರಬತ್ತ ಯಾರ್ ಕುಡದ್ರಿ?"

"ನಾನ ಒಂದಿಷ್ಟು ಕುಡದೆ. ಉಳಿದದ್ದು ಕೆಲಸದಾಕಿ ಕುಡದಿರಬೇಕು. ನಮ್ಮನಿಯವರು ಮುಟ್ಟಂಗಿಲ್ಲಪಾ, ಸಕ್ಕರಿ ಕಾಯಿಲೆ."

ಅವಳ ಗಂಡ, ನಿವೃತ್ತ ಗುಮಾಸ್ತ ರಮಾಕಾಂತ, ಕುರ್ಚಿಯಲ್ಲಿ ತುಟಿ ಬಿಗಿದು ಕೂತಿದ್ದ. ಹಣೆಯ ಮೇಲೆ ಬೆವರು. ಹಫೀಜ ಅವನ ಮುಂದೆ ಕುಕ್ಕರಿಸಿ, "ಸರ್, ನಾಲಗಿ ತೋರಸ್ರಿ," ಎಂದ. ರಮಾಕಾಂತ ತಲೆ ಅಲ್ಲಾಡಿಸಿದ. ಹಫೀಜ ಗದ್ದ ಹಿಡಿದು ಬಾಯಿ ತೆಗೆಸಿದ. ನಾಲಗೆ ರಂಗಪಂಚಮಿಯ ಓಣಿಯಂತೆ ಕೆಂಪಾಗಿತ್ತು.

"ಎಷ್ಟ್ ಕುಡದ್ರಿ?"

"ಮೂರ್ ಗ್ಲಾಸ," ರಮಾಕಾಂತ ಪಿಸುಗುಟ್ಟಿದ.

"ಎದಿ ಡವಡವ ಅಂತೈತೇನ್ರಿ?"

"ಅಕಿ ಹಿಂದ ನಿಂತಾಳಲ್ಲೋ, ಮತ್ತೇನಾಗ್ತದ?"

ಹಫೀಜ ಅಡುಗೆಮನೆಗೆ ನುಗ್ಗಿ ಚಂಬಿನ ತುಂಬ ಉಪ್ಪುನೀರು ಕಲಸಿ ತಂದು, "ಕುಡದು ವಾಂತಿ ಮಾಡ್ರಿ," ಎಂದು ಇಬ್ಬರ ಮುಂದೆಯೂ ಹಿಡಿದ.

"ಮೊದಲ ಇವರು ಮಾಡ್ಲಿ!" ಸುಲಭಾ ಬಾಯಿ ಸೊಂಟದ ಮೇಲೆ ಕೈಯಿಟ್ಟಳು. "ಮೂರೂ ಗ್ಲಾಸ ಹೊರಗ ಬರಬೇಕು, ನಾ ಎಣಸ್ತೇನಿ!"

ಈ ಎಣಿಕೆಯ ಜಗಳದಲ್ಲೇ ಹೊತ್ತು ಇಳಿದಿತ್ತು. ಮಸೀದಿಯ ಬಾಂಗಿಗೆ ಇನ್ನು ಸ್ವಲ್ಪವೇ ವೇಳೆ. ತಾಯಿ ರೋಜಾ ಬಿಡುವುದೇ ಆ ಶರಬತ್ತಿನಿಂದ! ಹಫೀಜ ಮನೆಗೆ ಓಡಿದ. ಹಿಂದಿನಿಂದ ಬೈಯುತ್ತ ರುಕ್ಮವ್ವ, ಅವಳ ಹಿಂದೆ ಸುಲಭಾ ಬಾಯಿ, ಕೊನೆಗೆ ಉಪ್ಪುನೀರಿನ ಚಂಬು ಹಿಡಿದ ರಮಾಕಾಂತ.

ನೆಲಕ್ಕೆ ಹಾಸಿದ ದಸ್ತರಖಾನಿನ ಮೇಲೆ ಖರ್ಜೂರ, ಗಿರಮಿಟ್ಟು, ಮಿರ್ಚಿ, ನಡುವೆ ಶರಬತ್ತಿನ ಬೋಗುಣಿ. ಹಫೀಜ ಬೋಗುಣಿ ಎತ್ತಿ ಬಚ್ಚಲ ಕಡೆ ಹೊರಟ. ರಾಜಬಿ ಇನ್ನೊಂದು ಕಡೆ ಹಿಡಿದಳು.

"ಬಿಡು ಅಮ್ಮಿ! ಇದು ಶರಬತ್ತ ಅಲ್ಲ, ಕೂಲೆಂಟ! ವಿಷ! ಆ ನಾಯಿ ಆಗಲೇ ಸತ್ತೈತಿ!"

ರಮಾಕಾಂತ ಗೋಡೆಗೆ ಆತು ಕೆಳಗೆ ಜಾರಿದ. "ಸುಲಭಾ, ನಾ ಹೊಂಟೆ."

"ಹಂಗನಬ್ಯಾಡ್ರೀ! ಇನ್ನ ಬೇಕಾದಷ್ಟ್ ಸಕ್ಕರಿ ತಿನ್ರಿ, ಒಂದ್ ಮಾತೂ ಅನ್ನಂಗಿಲ್ಲ, ಕಣ್ಣ ತಗೀರಿ!" ಸುಲಭಾ ಬಾಯಿ ಅತ್ತೇಬಿಟ್ಟಳು.

"ಯಾವ ನಾಯಿ?" ರುಕ್ಮವ್ವ ಕೇಳಿದಳು. "ಅದು ದಿನಾ ಮಧ್ಯಾಹ್ನ ಹಂಗ ಬೀಳ್ತೈತಿ." ಅಷ್ಟರಲ್ಲಿ ಮಿರ್ಚಿಯ ವಾಸನೆ ಹಿಡಿದು ನಾಯಿ ಬಾಗಿಲಿಗೆ ಬಂದು ಬಾಲ ಅಲ್ಲಾಡಿಸಿತು.

ರಾಜಬಿ ಬೋಗುಣಿ ಕೆಳಗಿಟ್ಟಳು. "ನನ್ನ ಮೂಗು ನಿನ್ನಂಗ ಸತ್ತಿಲ್ಲ. ನಿನ್ನ ಕೂಲೆಂಟ ಬಾಟ್ಲಿ ನಿನ್ನೆನ ಬಚ್ಚಲ ಮೂಲ್ಯಾಗ ಇಟ್ಟೇನಿ. ಕಿಟಕ್ಯಾಗ ಇಟ್ಟದ್ದು ಹೊಸಾ ಶರಬತ್ತ, ಎರಡು ಬಾಟ್ಲಿ."

ಎಲ್ಲರೂ ಒಮ್ಮೆಗೇ ಉಸಿರು ಬಿಟ್ಟು ನಕ್ಕರು. ಹಫೀಜ ಎಲ್ಲರಿಗಿಂತ ಜೋರಾಗಿ ನಕ್ಕ. ರಮಾಕಾಂತ ಹೆಂಡತಿಯ ಮಾತು ನೆನೆದು ನಾಲ್ಕನೇ ಗ್ಲಾಸು ತುಂಬಿಕೊಂಡ.

"ಒಂದು ಬಾಟ್ಲಿ ಮಾತ್ರ ಎಲ್ಲಿ ಹೋತೋ," ಎಂದಳು ರಾಜಬಿ. "ಮುಂಜಾನಿಂದ ಹುಡುಕಾಕತ್ತೇನಿ."

ಹಫೀಜನ ನಗು ಅರ್ಧಕ್ಕೇ ನಿಂತಿತು.

ಹೊರಗೆ ಆಟೋ ನಿಂತ ಸಪ್ಪಳ. ಮುಖಕ್ಕೆಲ್ಲ ಮಸಿ ಮೆತ್ತಿಕೊಂಡು ಮಕಬೂಲಸಾಬ ಒಳಗೆ ಬಂದ. "ಗಾಡಿ ನವಲೂರ ಹತ್ರ ಹೊಗಿ ಎದ್ದು ನಿಂತ್ತು. ಇಂಜಿನ್ ಹೋತಂತ. ನೀ ಮುಂಜಾನಿ ನೋಡಿದ್ದಿ ಅಂತ ಅಲ್ಲೀತನಕರ ಬಂತು, ಬೇಟಾ. ಯಾವನೋ ಏನೋ ಕಲಬೆರಕಿ ಹಾಕ್ಯಾನ. ಏನ್ ಹೊಗಿ ಅಂತಿ, ಗುಲಾಬಿ ಪಾಕ ಸುಟ್ಟಂಗ! ಸಾಯೂತನಕ ಆ ವಾಸನಿ ಮರಿಯೂದಿಲ್ಲ."

"ಕೂಡ್ರಿ ಮಾಮಾ. ಗಿರಮಿಟ್ ತಗೋರಿ. ನೀರ್ ಕುಡೀರಿ. ನೀರಷ್ಟ ಕುಡೀರಿ," ಎಂದ ಹಫೀಜ.

ಬಾಂಗು ಕೇಳಿಸಿತು. ಮಕಬೂಲಸಾಬ ಖರ್ಜೂರ ಬಾಯಿಗೆ ಹಾಕಿಕೊಂಡ. ರಾಜಬಿ ಬೀಗನಿಗೆಂದು ಗ್ಲಾಸಿನ ಅಂಚಿನವರೆಗೆ ಶರಬತ್ತು ತುಂಬಿ ಕೈಗಿಟ್ಟಳು. ಗ್ಲಾಸು ತುಟಿಯ ಹತ್ತಿರ ಹೋಗಿ ನಿಂತಿತು. ಮಕಬೂಲಸಾಬನ ಮೂಗಿನ ಹೊಳ್ಳೆಗಳು ನಿಧಾನವಾಗಿ ಅರಳಿದವು.

ಯಾ ಅಲ್ಲಾ, ಇವರಿಗೂ ನನ್ನಂಥಾ ಮೂಗು ಕೊಡು ಎಂದು ಹಫೀಜ ಕಣ್ಣು ಮುಚ್ಚಿ ಬೇಡಿಕೊಂಡ.

"ಹಫೀಜ," ಮಕಬೂಲಸಾಬನ ದನಿ ಬಹಳ ಮೆತ್ತಗಿತ್ತು. "ಮುಂಜಾನಿ ಆ ಇರಿವಿ ಯಾಕ ಬಂದಿದ್ದವು ಅಂದಿ?"