ಕಾಕಾ ಹೇಳಿದ್ದು, ಏಜೆಂಟು ಓದಿದ್ದು

ಯಂತ್ರಕ್ಕೆ ತಿಳಿಯುವಂತೆ ಬರೆಯಲು ಕೂತ ದಿನದಿಂದ ವಾರಕ್ಕೊಂದಾದರೂ ಫಜೀತಿ ನನಗೆ ತಪ್ಪಿದ್ದಲ್ಲ. ಉದ್ಯಮಬಾಗದ ನಮ್ಮ ಸಣ್ಣ ಕಂಪನಿ ಎರಕದ ಅಚ್ಚುಗಳ ನಕಾಶೆ ತೆಗೆಯುವ ಸಾಫ್ಟ್‌ವೇರ್ ಮಾಡುತ್ತದೆ. ಇಷ್ಟು ದಿನ ಅದನ್ನು ಮನುಷ್ಯರು ನಡೆಸುತ್ತಿದ್ದರು. ಇನ್ನು ಮೇಲೆ ಎಐ ಏಜೆಂಟು ತಾನೇ ಕೈಪಿಡಿ ಓದಿಕೊಂಡು ನಡೆಸಬೇಕು. ಆ ಕೈಪಿಡಿ ಬರೆಯುವವಳು ನಾನು. ಹೇಳಿಕೊಡುವವರು ಖಾನಾಪುರದಿಂದ ದಿನಾ ಬಸ್ಸಿಗೆ ಬರುವ ನಮ್ಮ ಹಿರಿಯ ನಕಾಶೆಗಾರರು; ಎಲ್ಲರಿಗೂ ಅವರು ಕಾಕಾ.

“ಕೈಪಿಡಿ ಮುಗೀಲಿ, ಆಮ್ಯಾಲೆ ಕಾಕಾ ಮನ್ಯಾಗ ಆರಾಮ ಇರಲಿ” ಎಂದು ಮಾಲೀಕರು ಹೇಳಿಬಿಟ್ಟಿದ್ದರು. ಕಾಕಾಗೆ ಆರಾಮ ಬೇಕಿರಲಿಲ್ಲ. ಅವರ ಬಾಯಿಂದಲೇ ಕೇಳಿ ಬರೆದು ಅವರನ್ನೇ ಮನೆಗೆ ಕಳಿಸುವ ಈ ಕೆಲಸ ನನಗೂ ಹಿಡಿಸುತ್ತಿರಲಿಲ್ಲ.

ಒಂದು ಸೂತ

“ಅಚ್ಚಿನ ಸುತ್ತ ಒಂದ ಸೂತ ಹೆಚ್ಚ ಬಿಡಬೇಕವಾ ತಂಗಿ” ಎಂದರು ಕಾಕಾ. ಸೂತ ಎಂದರೆ ನಮ್ಮ ಕಡೆಯ ಬಡಿಗರ, ಫೌಂಡ್ರಿಯವರ ಅಳತೆ. ಅಂಗುಲದಲ್ಲಿ ಎಂಟನೇ ಒಂದು ಪಾಲು. ನಾನು ಮಿಲಿಮೀಟರಿಗೆ ಇಳಿಸಿ ಬರೆದೆ. ಕಾಕಾ ಕನ್ನಡಕ ಏರಿಸಿ ನೋಡಿ ತಲೆ ಅಲ್ಲಾಡಿಸಿದರು.

“ಹಿಂಗ ಬರದ್ರ ಕೆಟ್ಟತು. ಕಿರಿಕಿರಿ ಗಿರಾಕಿ ಇದ್ರ ದೊಡ್ಡ ಸೂತ, ಚಲೋ ಗಿರಾಕಿ ಇದ್ರ ಸಣ್ಣ ಸೂತ.”

“ಗಿರಾಕಿ ಚಲೋ ಅದಾರಂತ ಏಜೆಂಟಿಗೆ ಹೆಂಗ ಗೊತ್ತಾಗಬೇಕ್ರಿ ಕಾಕಾ?”

“ಬಂದ ಕೂಡಲೇ ಚಾ ಕುಡೀತಾರಲ್ಲ, ಅವ್ರು ಚಲೋ. ನಕಾಶಿ ನೋಡೇ ಕುಡೀತೇನಿ ಅಂದವ್ರು ಕಿರಿಕಿರಿ.”

ಏಜೆಂಟಿಗೆ ಮೊದಲೇ ಕೊಡಬೇಕಾದ ಮಾಹಿತಿಯ ಪಟ್ಟಿಯಲ್ಲಿ ‘ಗಿರಾಕಿ ಚಹಾ ಕುಡಿದರೋ ಇಲ್ಲವೋ’ ಎಂಬ ಸಾಲು ಎರಡು ದಿನ ಇತ್ತು.

ಆಣೆ ಮಾಡಿದ ನಕಾಶೆ

ಕಾಕಾ ಉಳಿಸಿಟ್ಟ ಕಡತಗಳ ಹೆಸರು ಹೀಗಿದ್ದವು: ಫೈನಲ್, ಖರೇ ಫೈನಲ್, ಎಲ್ಲವ್ವನಾಣೆ ಫೈನಲ್. ಕೊನೆಯ ನಕಾಶೆ ಹುಡುಕು ಎಂದರೆ ಏಜೆಂಟು ಆಣೆ ಮಾಡಿದ್ದನ್ನೇ ಎತ್ತಿಕೊಂಡಿತು. ಪಾಪ, ನಾನಾಗಿದ್ದರೂ ಅದನ್ನೇ ಎತ್ತುತ್ತಿದ್ದೆ.

“ಅದಲ್ಲವಾ, ಅದರಾಗ ನಾಕು ತಪ್ಪ ಅದಾವ” ಎಂದರು ಕಾಕಾ. “ಮಾಲಕ್ ಸಾಹೇಬ್ರು ಬೆನ್ನಿಗೆ ನಿಂತು ಮುಗೀತೇನು, ಮುಗೀತೇನು ಅಂತಿದ್ರು. ಅವ್ರನ್ನ ಸಾಗಹಾಕಾಕ ಇಟ್ಟ ಹೆಸರದು.”

“ಹಂಗಾರ ಖರೇದ್ದು ಎಲ್ಲೈತ್ರಿ?”

“ಹೊಸಾ ಫೋಲ್ಡರ್ ಅಂತ ಐತಲ್ಲ, ಅದು ಭಾಳ ಹಳೇದು. ಅದರಾಗ ನೋಡು.”

ಅತ್ತೆಯ ಪರೀಕ್ಷೆ

ಕೈಪಿಡಿ ಸರಿಯಿದೆಯೇ ಎಂದು ನೋಡಲು ಸಾಫ್ಟ್‌ವೇರ್ ಗೊತ್ತೇ ಇಲ್ಲದವರು ಬೇಕು. ಖಾಸಬಾಗದ ನಮ್ಮ ಮನೆಯಲ್ಲಿ ಅತ್ತೆಯನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ, “ಬರದಷ್ಟ ಮಾಡ್ರಿ, ತಲಿ ಓಡಸಬ್ಯಾಡ್ರಿ” ಎಂದು ಹೇಳಿ ಪೇಟೆಗೆ ಹೋದೆ. ತಿರುಗಿ ಬಂದರೆ ಮನೆ ತುಂಬ ಹೊಗೆ. ಒಲೆಯ ಮೇಲೆ ಬೇಳೆ ಕರಕಲಾಗಿದೆ, ಅತ್ತೆ ಪರದೆಯತ್ತ ನೋಡುತ್ತ ಅಲುಗಾಡದೆ ಕೂತಿದ್ದಾರೆ.

“ಏನಾತ್ರಿ ಅತ್ತಿ?”

“ಏಳನೇ ನಂಬರಿನ್ಯಾಗ ಕಿಡಕಿ ತೆರಕೊಳ್ಳೂತನಕ ಕಾಯಬೇಕಂತ ನೀನ ಬರದೀ. ಒಲಿ ಆರಸು ಅಂತ ಎಲ್ಲೆರೆ ಬರದೀಯೇನ?”

ನೆಟ್ ಹೋಗಿತ್ತು, ಪರದೆಯ ಮೇಲೆ ಕಿಡಕಿ ತೆರೆದಿರಲಿಲ್ಲ. ಕಾದು ಕಾದು ತೆರೆಯದಿದ್ದರೆ ಏನು ಮಾಡಬೇಕೆಂದು ನಾನು ಬರೆದೇ ಇರಲಿಲ್ಲ. ಆ ದಿನ ಸಿಕ್ಕ ತಪ್ಪು ದೊಡ್ಡದು; ತಿಕ್ಕಿದ ಪಾತೇಲಿ ಅದಕ್ಕಿಂತ ದೊಡ್ಡದು.

ಖಾನಾಪುರದ ಹೆಂಚು

ಮೊದಲ ಪ್ರದರ್ಶನ ಖಾನಾಪುರದ ಒಂದು ಹೆಂಚಿನ ಕಾರ್ಖಾನೆಯಲ್ಲಿ. ಇದು ಗೆದ್ದರೆ ಕಾಕಾ ಮನೆಗೆ. “ನೀವು ಬರೂದು ಬ್ಯಾಡ, ಎಲ್ಲಾ ಅದ ಮಾಡತೈತಿ” ಎಂದು ಮಾಲೀಕರು ಅವರನ್ನು ಬಿಟ್ಟೇ ಬಂದಿದ್ದರು.

ಕಾರ್ಖಾನೆಯವರು ಹೊಸ ಹೆಂಚಿನ ಅಚ್ಚಿಗೆ ಅಳತೆ ಕೊಟ್ಟರು. ಏಜೆಂಟು ಸರಸರ ಅರ್ಧ ನಕಾಶೆ ತೆಗೆದು ಗಪ್ಪನೆ ನಿಂತಿತು. ಪರದೆಯ ಮೇಲೆ ಬಂತು: ‘ಈ ಮಣ್ಣು ಸುಟ್ಟಾಗ ಎಷ್ಟು ಕುಗ್ಗುತ್ತದೆ ಎಂಬುದು ಕೈಪಿಡಿಯಲ್ಲಿಲ್ಲ. ದಯವಿಟ್ಟು ಕಾಕಾ ಅವರನ್ನು ಕೇಳಿ ತಿಳಿಸಿ. ಅಲ್ಲಿಯವರೆಗೆ ಮುಂದುವರಿಯುವುದಿಲ್ಲ.’

ಮಾಲೀಕರ ಮುಖ ಕೆಂಪಾಯಿತು. “ಇದನ್ಯಾರು ಬರದ್ರು?”

ಪ್ರತಿ ಅಧ್ಯಾಯ ಹೇಳಿ ಮುಗಿಸುವಾಗ ಕಾಕಾ “ಸಂಶೆ ಬಂದ್ರ ನನ್ನ ಕೇಳ್ರಿ” ಅನ್ನುತ್ತಿದ್ದರು. ಅವರು ಹೇಳಿದ್ದೆಲ್ಲ ಬರೆಯಿರಿ ಎಂದಿದ್ದವರು ಮಾಲೀಕರೇ. ಬರೆದಿದ್ದೆ. ನಲವತ್ತೊಂದು ಅಧ್ಯಾಯ, ನಲವತ್ತೊಂದು ಸಲ. ಅರಿಯದೆ ಬರೆದದ್ದಲ್ಲ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

“ಇವತ್ತ ಅಳಸ್ರಿ ಅದನ್ನ” ಎಂದರು ಮಾಲೀಕರು.

ಕಾರ್ಖಾನೆಯವರು ಅಡ್ಡ ಬಂದರು. “ಯಾಕ್ರಿ ಅಳಸೂದು? ತನಗ ಗೊತ್ತಿಲ್ಲ ಅಂತ ಒಪ್ಪಿಕೊಳ್ಳೋ ಇಂಜಿನಿಯರನ್ನ ನಾ ಇವತ್ತ ಮೊದಲ ಸಲ ನೋಡಾಕತ್ತೇನಿ. ಆ ಕಾಕಾ ಇದ್ರನ ನಮಗ ಇದು ಬೇಕು.”

ಮಾಲೀಕರು ಫೋನ್ ಮಾಡಿದರು. ಎರಡೇ ನಿಮಿಷಕ್ಕೆ ಕಾಕಾ ಹಾಜರ್. ಕಾರ್ಖಾನೆಯ ಬಾಜೂ ಚಹಾದಂಗಡಿಯಲ್ಲಿ ಬೆಳಿಗ್ಗೆಯಿಂದ ಕೂತಿದ್ದರಂತೆ. ಹಸಿಮಣ್ಣನ್ನು ಬೆರಳಲ್ಲಿ ಹಿಚುಕಿ ನೋಡಿ ಲೆಕ್ಕ ಹೇಳಿದರು. ಹೆಂಚು ಸುಡುವ ಭಟ್ಟಿಯವರೂ ಹೌದೆಂದರು. ಏಜೆಂಟು ನಕಾಶೆ ಮುಗಿಸಿತು. ನನ್ನ ಕಣ್ಣು ತುಂಬಿಬಂತು.

“ಕಾಕಾ, ನಾಳಿಂದ ಎಂದಿನ್ಹಂಗ ಬರ್ರಿ” ಎಂದರು ಮಾಲೀಕರು.

“ಬರತೇನ್ರಿ. ಆದ್ರ ನಾ ಬುತ್ತಿ ಬಿಚ್ಚಿದಾಗ ಅದು ನನ್ನ ಏನೂ ಕೇಳಬಾರದು ನೋಡ್ರಿ.”

ಹೇಳಿದ್ದೆಲ್ಲ ಬರೆಯುವುದು ನನ್ನ ಕೆಲಸ, ಅದನ್ನೂ ಬರೆದೆ. ಈಗ ದಿನಾ ಮಧ್ಯಾಹ್ನ ಒಂದಕ್ಕೆ, ಮಾಲೀಕರು ಎಷ್ಟೇ ಬಡಕೊಂಡರೂ ಪರದೆಯ ಮೇಲೆ ಒಂದೇ ಸಾಲು: ‘ಕಾಕಾ ಅವರ ಊಟ ಆಗಲಿ.’