ಕುಮಾರಿ ಋಜುತಾ, ಎಲ್ಲಿದ್ದರೂ ಬನ್ನಿ

ಮಗಳು ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಅವನು ಘೋಷಿಸಿಬಿಟ್ಟ: "ಇವಳ ಹೆಸರು ಭೂಮಂಡಲದಲ್ಲಿ ಇನ್ನೊಬ್ಬರಿಗೆ ಇರಬಾರದು. ಮೂಲ ಪುರಾತನವಾಗಿರಬೇಕು, ಅರ್ಥ ಗಂಭೀರವಾಗಿರಬೇಕು, ಸ್ಟೈಲ್ ಮಾತ್ರ ಹೊಚ್ಚಹೊಸದಾಗಿರಬೇಕು."

ಘೋಷಣೆ ಅವನಿಗೆ ಹೊಸದಲ್ಲ. ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ರೈಲು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಹೇಳುವುದೇ ಅವನ ಕೆಲಸ. ಪ್ರತಿ ಮಾತನ್ನೂ "ಪ್ರಯಾಣಿಕರು ಗಮನಿಸಿ" ಎಂದು ಶುರು ಮಾಡುತ್ತಿದ್ದುದರಿಂದ ನಿಲ್ದಾಣದವರೆಲ್ಲ ಅವನನ್ನು 'ಗಮನಿಸಿ' ಎಂದೇ ಕರೆಯುತ್ತಿದ್ದರು. ಕಂಠ ಎಂಥದ್ದೆಂದರೆ, ರೈಲು ತಡವಾಗಿದೆ ಎಂಬುದೂ ಅವನ ಬಾಯಲ್ಲಿ ಶುಭಸಮಾಚಾರದಂತೆ ಕೇಳುತ್ತಿತ್ತು. ಮನೆ ನಿಲ್ದಾಣದ ಗೋಡೆಗೆ ಅಂಟಿಕೊಂಡ ಬೀದಿಯಲ್ಲೇ. ಅವನು ಅಲ್ಲಿ ಕೆಮ್ಮಿದರೂ ಇಲ್ಲಿ ಅಡುಗೆಮನೆಯಲ್ಲಿ ಕೇಳಿಸುತ್ತಿತ್ತು.

ಹೆಸರಿನ ಬೇಟೆ ಶುರುವಾಯಿತು. ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಈಗ ಬಾಣಂತಿ ರಜೆಯಲ್ಲಿದ್ದಳು. ಅವನು ಮೊದಲ ಹೆಸರನ್ನು ಮುಂದಿಟ್ಟ.

"ಜೈವಿಕ್ಸಾ. ಹೇಗಿದೆ?"

"ಊಟಕ್ಕೆ ಮುಂಚೆ ತಗೋಬೇಕಾ, ಆಮೇಲಾ?"

"ಸರಿ ಬಿಡು. ಕೃಶಿಕಾ?"

ಇದಕ್ಕೆ ಉತ್ತರ ಬಂದದ್ದು ಪತ್ರಿಕೆಯ ಹಿಂದಿನಿಂದ. ಅಲ್ಲಿ ಮಾವ ಇದ್ದರು. ಭಾಷಾ ಮೇಷ್ಟರಾಗಿ ನಿವೃತ್ತರಾದವರು. ಯಾವ ಶಬ್ದ ಕಂಡರೂ ಅದರ ಬೇರು ಕಿತ್ತು ನೋಡದೆ ಬಿಡುತ್ತಿರಲಿಲ್ಲ. "ಕೃಶ ಅಂದ್ರೆ ಬಡಕಲು ಕಣಪ್ಪಾ. ಮಗು ದುಂಡಗಿದೆ. ಹೆಸರಿಟ್ಟು ಇಳಿಸ್ತೀಯಾ?"

ಹೀಗೆ ಹೆಂಡತಿಯ ಕಡೆಯಿಂದ ಮಾತ್ರೆ, ಮಾವನ ಕಡೆಯಿಂದ ಮೂಲ. ನಡುವೆ ಇವನ ಹೆಸರುಗಳು ಒಂದೊಂದಾಗಿ ಪ್ರಾಣಬಿಟ್ಟವು. ಮಗುವನ್ನು ಎಲ್ಲರೂ 'ಇದು', 'ಪಾಪು' ಎನ್ನುತ್ತಿದ್ದರು. ಕೊನೆಗೆ ಹೆಂಡತಿ ಬೇಸತ್ತಳು. "ನಾಳೆ ಸಂಜೆಯೊಳಗೆ ಒಂದು ಹೆಸರು ಹೇಳಿ. ಇಲ್ಲಾಂದ್ರೆ ನಾನೇ ಇಟ್ಟುಬಿಡ್ತೀನಿ. ನನ್ನ ಮಗಳಿಗೆ ಅಮ್ಮ ಅಂತ ನಾನಿದ್ದೀನಿ, ಹೆಸರು ಅಂತ ಏನೂ ಇಲ್ಲ."

ಮರುದಿನ ಅವನು ಮೂರು ಹೆಸರು ಬಾಯಿಪಾಠ ಮಾಡಿಕೊಂಡು ಕೆಲಸಕ್ಕೆ ಹೋದ. ಮೂರೂ ಮಾವ ಒಪ್ಪಿದ ಮೂಲದವು. ಆದರೆ ಬೇರೆ ಯಾರಿಗೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ? ಮೈಕನ್ನು ನೋಡಿದ. ಮೈಕೂ ಅವನನ್ನು ನೋಡಿತು. ನಿಲ್ದಾಣದ ತುಂಬ ಸಾವಿರಾರು ಜನ. ಕರೆದು ನೋಡುವುದು, ಯಾರೂ ಬರದಿದ್ದರೆ ಹೆಸರು ನಮ್ಮದು. ಇಷ್ಟು ಸರಳ ಉಪಾಯ ಲೋಕದಲ್ಲಿ ಯಾವ ಅಪ್ಪನಿಗೂ ಹೊಳೆದಿಲ್ಲವಲ್ಲ ಎಂದು ಅವನಿಗೆ ಅಪ್ಪಂದಿರ ಬಗ್ಗೆಯೇ ಕನಿಕರವಾಯಿತು.

"ಪ್ರಯಾಣಿಕರು ಗಮನಿಸಿ. ಕುಮಾರಿ ವಿಪಂಚಿ ಎಲ್ಲಿದ್ದರೂ ವಿಚಾರಣೆ ಕೌಂಟರಿಗೆ ಬರಬೇಕು."

ತಕ್ಷಣ ಇಯರ್‌ಫೋನ್ ಕಿತ್ತುಕೊಳ್ಳುತ್ತ ಒಬ್ಬ ಹುಡುಗಿ ಓಡಿಬಂದಳು. "ಏನಾಯ್ತು ಸಾರ್? ಮನೆಯಿಂದ ಫೋನಾ?"

"ಏನಿಲ್ಲಮ್ಮಾ. ಕ್ಷೇಮವಾಗಿದ್ದೀರಾ ಅಂತ ಕೇಳೋಣ ಅಂತ."

ಅವಳು ಇವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೋದಳು. ಎರಡನೆಯ ಹೆಸರು ಪ್ರಾಂಜಲಾ. ಇಬ್ಬರು ಬಂದರು. ಇಬ್ಬರೂ ಒಬ್ಬರನ್ನೊಬ್ಬರು "ನಿಮ್ಮ ಹೆಸರೂ ಅದೇನಾ" ಎಂದು ಕೇಳುತ್ತ ಅಲ್ಲೇ ಸ್ನೇಹಿತೆಯರಾಗಿ, ಅವನಿಗೆ ಥ್ಯಾಂಕ್ಸ್ ಹೇಳಿ ಹೊರಟರು. ಪಕ್ಕದ ಕೌಂಟರಿನಾಕೆ ಕನ್ನಡಕದ ಮೇಲಿಂದ ನೋಡಿ, "ಗಮನಿಸಿಯವರೇ, ಹುಷಾರಾಗಿದ್ದೀರಾ?" ಎಂದು ಕೇಳಿದಳು.

ಮೂರನೆಯದು ಋಜುತಾ. ನೇರ ನಡೆ, ಪ್ರಾಮಾಣಿಕತೆ ಎಂದು ಅರ್ಥ. ಇದನ್ನು ಅವನು ಎದೆಯಾಳದಿಂದ ಎಳೆದು, 'ಋ'ವನ್ನು ಮೃದುವಾಗಿ ಹೊರಳಿಸಿ, ಎರಡು ಸಲ ಕರೆದ. ಯಾರೂ ಬರಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ ರೈಲು ಕೂಗಿ ಹೊರಟಿತು. ಗೆದ್ದೆ ಎಂದುಕೊಂಡು ಅವನು ಮೈಕ್ ಆರಿಸಿದ.

ಆಗ ಕಿಟಕಿಯ ಬಳಿ ಒಬ್ಬ ಅಜ್ಜಿ ಏದುಸಿರು ಬಿಡುತ್ತ ನಿಂತಳು. "ಕುಮಾರಿ ಅಲ್ಲಪ್ಪಾ, ಮೊಮ್ಮಕ್ಕಳಿದ್ದಾರೆ. ಆದ್ರೆ ಋಜುತಾ ನಾನೇ."

"ನಿಮ್ಮ ರೈಲು ಯಾವುದಮ್ಮಾ?"

"ಅಗೋ, ಹೋಗ್ತಾ ಇದೆಯಲ್ಲ, ಅದೇ. ನನ್ನ ಬ್ಯಾಗೂ ಅದರಲ್ಲೇ ಇದೆ."

ಸ್ಟೇಷನ್ ಮಾಸ್ತರರು ಬಂದರು. ಅವರು ಆಡಿದ ಮಾತುಗಳಲ್ಲಿ ಮಗುವಿಗೆ ಇಡಬಹುದಾದದ್ದು ಒಂದೂ ಇರಲಿಲ್ಲ. ಬ್ಯಾಗನ್ನು ಮುಂದಿನ ನಿಲ್ದಾಣದಲ್ಲಿ ಇಳಿಸಿಕೊಳ್ಳಲು ಫೋನ್ ಮಾಡಿಸಿ, ಸಂಜೆಯ ರೈಲಿಗೆ ಸೀಟು ಕೊಡಿಸಿ, "ಅಲ್ಲಿವರೆಗೆ ಇವರ ಊಟ, ವಿಶ್ರಾಂತಿ ಎಲ್ಲ ನಿನ್ನ ತಲೆ ಮೇಲೆ" ಎಂದು ಅವನನ್ನು ಅಜ್ಜಿಯ ಜೊತೆ ಮನೆಗೆ ಅಟ್ಟಿದರು.

ಮನೆಬಾಗಿಲಲ್ಲಿ ಅಕ್ಕಪಕ್ಕದ ಹೆಂಗಸರು ಗುಂಪುಗೂಡಿದ್ದರು. ಅವನನ್ನು ಕಂಡದ್ದೇ ಮಾತು ನಿಂತಿತು. ಹೆಂಡತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಶಾಂತವಾಗಿ ಕೇಳಿದಳು: "ಬೆಳಿಗ್ಗೆಯಿಂದ ಯಾರ್ಯಾರೋ ಕುಮಾರಿಯರನ್ನ ಅಷ್ಟು ಅಕ್ಕರೆಯಿಂದ ಕರೀತಿದ್ದೀರಲ್ಲ. ಬೀದಿಯವರೆಲ್ಲ ನನಗೆ ಸಮಾಧಾನ ಹೇಳೋಕೆ ಬಂದಿದ್ದಾರೆ."

ಅವನು ತೊದಲುತ್ತ ನಡೆದದ್ದನ್ನೆಲ್ಲ ಹೇಳಿದ. ಮಾವ ಪತ್ರಿಕೆ ಅಡ್ಡ ಹಿಡಿದು ಭುಜ ಕುಣಿಸಿದರು. ಹೆಂಡತಿ ನಗಲಿಲ್ಲ. ಅಜ್ಜಿಗೆ ಕುರ್ಚಿ ಎಳೆದು ಕೊಟ್ಟು, "ಕ್ಷಮಿಸಿಬಿಡಿ ಅಮ್ಮಾ. ಇವರ ಹುಚ್ಚಿಗೆ ನಿಮ್ಮ ರೈಲು ಹೋಯ್ತು" ಎಂದಳು.

"ಹೋದ್ರೆ ಹೋಗ್ಲಿ ಬಿಡೇ," ಎಂದಳು ಅಜ್ಜಿ ನೀರು ಕುಡಿದು. "ನಮ್ಮಪ್ಪನೂ ಹೀಗೇ ಹುಡುಕಿ ಹುಡುಕಿ ಇಟ್ಟಿದ್ದ. ಶಾಲೆಯಲ್ಲಿ ಹುಡುಗರು 'ಏ ರುಜು, ಇಲ್ಲೊಂದು ರುಜು ಹಾಕು' ಅಂತ ಪುಸ್ತಕ ಹಿಡ್ಕೊಂಡು ಬರೋರು. ಮದುವೆಯಾದ ಮನೇಲಿ ಯಾರಿಗೂ ನಾಲಗೆ ಹೊರಳಲಿಲ್ಲ. ಬೇಬಿ ಅಂದ್ರು. ಎಪ್ಪತ್ತು ದಾಟಿದೆ, ಇನ್ನೂ ಬೇಬಿನೇ. ಮೊಮ್ಮಕ್ಕಳೂ ಬೇಬಿಯಜ್ಜಿ ಅಂತಾರೆ."

ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕಳು. ಆಮೇಲೆ ನೀರಿನ ಲೋಟ ಕೆಳಗಿಟ್ಟು ಹೇಳಿದಳು: "ಅಪ್ಪ ಹೋದಮೇಲೆ ಆ ಹೆಸರನ್ನ ಅಷ್ಟು ಸರಿಯಾಗಿ ಯಾರೂ ಕರೆದಿರ್ಲಿಲ್ಲ. ಇವತ್ತು ಕಿವಿಗೆ ಬಿತ್ತು ನೋಡು, ಯಾಕೆ ಏನು ಅಂತ ಯೋಚನೆನೇ ಬರಲಿಲ್ಲ. ಇಳಿದುಬಿಟ್ಟೆ."

ಮಾವ ಪತ್ರಿಕೆ ಮಡಿಸಿಟ್ಟರು. ಹೆಂಡತಿ ಮಗುವನ್ನು ತಂದು ಅಜ್ಜಿಯ ಮಡಿಲಲ್ಲಿ ಮಲಗಿಸಿದಳು. "ಹಾಗಾದ್ರೆ ಅದೇ ಇರ್ಲಿ. ಕೂಗಿದ್ರೆ ರೈಲಿಂದ ಇಳಿದು ಬರೋ ಹೆಸರು. ಮಾತ್ರೆ ಥರಾನೂ ಇಲ್ಲ."

ಅವನ ಎದೆ ಮತ್ತೆ ಉಬ್ಬಿತು. ಬೆಳಿಗ್ಗೆಯ ಅವಮಾನವೆಲ್ಲ ಆವಿಯಾಯಿತು. ಅಜ್ಜಿಯೊಬ್ಬಳನ್ನು ಬಿಟ್ಟರೆ ಲೋಕದಲ್ಲಿ ಇನ್ಯಾರಿಗೂ ಇಲ್ಲದ ಹೆಸರು, ಅಜ್ಜಿಯೂ ಬಳಸುತ್ತಿಲ್ಲ. ಸಂಜೆ ಅವಳನ್ನು ಬೀಳ್ಕೊಡಲು ಸಂಸಾರವೆಲ್ಲ ಪ್ಲಾಟ್‌ಫಾರ್ಮಿಗೆ ಹೊರಟಾಗ ದಾರಿಯುದ್ದಕ್ಕೂ ಅವನದೇ ಮಾತು. "ನೋಡ್ತಿರು, ಶಾಲೆಯಲ್ಲಿ ಇವಳೊಬ್ಬಳೇ ಋಜುತಾ. ಆಫೀಸಲ್ಲೂ ಒಬ್ಬಳೇ."

ರೈಲು ಬಂತು. ಅಜ್ಜಿಯನ್ನು ಹತ್ತಿಸಿ ಕಿಟಕಿಯ ಬಳಿ ಕೂರಿಸಿದರು. ಅದೇ ಬೋಗಿಯಿಂದ ಚೀಲ, ಕೊಡೆ, ಇಬ್ಬರು ಮಕ್ಕಳನ್ನು ಒಟ್ಟಿಗೆ ಸಂಭಾಳಿಸುತ್ತ ಒಬ್ಬಾಕೆ ಇಳಿದಳು. ಇಳಿದವಳೇ ಗದರಿದಳು.

"ಋಜುತಾ, ತಮ್ಮನ ಕೈ ಬಿಡಬೇಡ ಅಂತ ಎಷ್ಟು ಸಲ ಹೇಳ್ಲಿ?"

ಉಚ್ಚಾರಣೆ ಸ್ಪಷ್ಟವಾಗಿತ್ತು. ಕಿಟಕಿಯಲ್ಲಿ ಅಜ್ಜಿ ಬಾಯಿಗೆ ಸೆರಗು ಹಿಡಿದಳು. ಅವನು ರೈಲು ತಪ್ಪಿಸಿಕೊಂಡವನ ಮುಖ ಮಾಡಿ, ಬಹಳ ಮೆಲ್ಲಗೆ ಕೇಳಿದ: "ಬೇರೆ ಹೆಸರು ನೋಡೋಣ್ವಾ?"

"ಏನೂ ಬೇಡ," ಎಂದಳು ಹೆಂಡತಿ ಮಗುವಿನ ಟೋಪಿ ಸರಿಮಾಡುತ್ತ. "ಹೆಸರು ಎಷ್ಟು ಜನಕ್ಕಾದ್ರೂ ಇರ್ಲಿ. ಈ ಅಪ್ಪ ಮಾತ್ರ ಇವಳೊಬ್ಬಳಿಗೇ ಅಂತ ಒಂದ್ಸಲ ಮೈಕಲ್ಲಿ ಹೇಳಿಬಿಡಿ, ಬೀದಿಯವರಿಗೆ ಸಮಾಧಾನ ಆಗುತ್ತೆ."